ನಾಲೆ ಏರಿ ಮೇಲೆ ಸೈಕಲ್: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಪತ್ರದ ಸಾರವನ್ನು ಉಳಿದ ಓದುಗರಿಗಾಗಿ ಮೊದಲು ಹೇಳಿಬಿಡುತ್ತೇವೆ. ಪಾಂಡವಪುರ ತಾಲ್ಲೂಕಿನ ನಿಮ್ಮ ಊರಿಂದ ಹೈಸ್ಕೂಲಿಗೆ 5 ಕಿ.ಮೀ. ಮಕ್ಕಳು ಸೈಕಲ್ಲಿನಲ್ಲೇ ಹೋಗಿಬರುತ್ತಾರೆ. ಕಬ್ಬಿನ ಲಾರಿ, ಟಿಪ್ಪರುಗಳಿಗೆ ಹೆದರಿ ಕೆಲವು ಮನೆಯವರು ಹೆಣ್ಣುಮಕ್ಕಳಿಗೆ ಸೈಕಲ್ ಬಿಡಿಸಿ ಆಟೊ ಹತ್ತಿಸುತ್ತಿದ್ದಾರೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಮೇಲೆ ಪ್ರತ್ಯೇಕ ಸೈಕಲ್ ಪಥ ಬೇಕು, ಅದು ಮಂಡ್ಯದವರೆಗೂ ಹೋಗಬೇಕು ಎಂದು ಗ್ರಾಮಸಭೆಯಲ್ಲಿ ಕೇಳಿದಿರಿ; ಸಭೆ ನಕ್ಕಿತು. ಈಗ ಅರ್ಜಿ ಬರೆಯುವುದು ಹೇಗೆಂದು ನಮ್ಮನ್ನು ಕೇಳಿದ್ದೀರಿ.

ಅರ್ಜಿ ಬರೆಯೋಣ. ಆದರೆ ಅದರಲ್ಲಿ ‘ಸೈಕಲ್ ಪಥ’ ಎಂಬ ಮಾತೇ ಬೇಡ.

ನಾಲೆ ಏರಿಯನ್ನು ಆರಿಸಿಕೊಂಡದ್ದು ಸರಿ. ನಾಲೆಗೆ ಇಳಿಜಾರು ತೀರಾ ಕಮ್ಮಿ, ಹಾಗಾಗಿ ಪಕ್ಕದ ದಾರಿಯೂ ಮಟ್ಟಸ. ಗೇರಿಲ್ಲದ ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗದು. (ಹುಲಿಕೆರೆಯಲ್ಲಿ ನಾಲೆ ಸುರಂಗಕ್ಕೆ ಹೊಕ್ಕುಬಿಡುತ್ತದೆ, ಅಲ್ಲಿ ಮಾತ್ರ ಊರ ರಸ್ತೆ ಹಿಡಿಯಬೇಕು.) ಆದರೆ ಏರಿ ದಾರಿ ಗದ್ದೆಯವರದ್ದೂ ಹೌದು. ಟ್ರ್ಯಾಕ್ಟರು, ಗಾಡಿ ಬಾರದಂತೆ ಕಂಬ ನೆಟ್ಟರೆ ವಾರದೊಳಗೆ ಯಾರಾದರೂ ಕಿತ್ತುಹಾಕುತ್ತಾರೆ, ತಪ್ಪೂ ಅಲ್ಲ. ಬೈಕನ್ನಾದರೂ ತಡೆಯೋಣವೆಂದರೆ, ಸೈಕಲ್ಲಿನ ಹ್ಯಾಂಡಲ್ ತೂರುವ ಸಂದಿಯಲ್ಲಿ ಬೈಕೂ ತೂರುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಪ್ಲಾಸ್ಟಿಕ್ ಕಂಬ ನೆಟ್ಟು ಮಾಡಿದ ಸೈಕಲ್ ಪಥಕ್ಕೆ ಆದದ್ದೂ ಇದೇ: ಕಂಬ ಮುರಿದವು, ಬೈಕು ನುಗ್ಗಿದವು.

ನೀವು ಕಳಿಸಿದ ಕೈನಕ್ಷೆ ನೋಡಿದರೆ 5 ಕಿ.ಮೀ.ಯಲ್ಲಿ ಬಹುಪಾಲು ಈಗಲೇ ಸೈಕಲ್ಲಿಗೆ ಯೋಗ್ಯ. ಕಂಟಕ ಇರುವುದು ಮೂರು ಕಡೆ: ಮುಖ್ಯರಸ್ತೆ ದಾಟುವಲ್ಲಿ, ತಡೆಯಿಲ್ಲದ ನಾಲೆ ತಿರುವಿನಲ್ಲಿ, ಹಳೆ ಸೇತುವೆ ಮೇಲೆ. ಆ ಮೂರನ್ನಷ್ಟೇ ಕೇಳಿ.

ಕೇಳುವ ಮೊದಲು ಎಣಿಸಿ. ಮುಖ್ಯರಸ್ತೆ ದಾಟುವ ಜಾಗದಲ್ಲಿ ಇಬ್ಬರು ಕೂತು, ಬೆಳಿಗ್ಗೆ 7.30ರಿಂದ 9.30, ಸಂಜೆ 3.30ರಿಂದ 5.30, ಮೂರು ದಿನ. ಹದಿನೈದು ನಿಮಿಷಕ್ಕೊಂದು ಗೆರೆ ಎಳೆದು, ಯೂನಿಫಾರ್ಮಿನ ಹುಡುಗಿಯರು, ಹುಡುಗರು, ಹಾಲಿನ ಕ್ಯಾನಿನವರು, ಕೂಲಿಗೆ ಹೋಗುವವರು ಎಂದು ಬೇರೆಬೇರೆ ಬರೆಯಿರಿ. ಇನ್ನೊಂದನ್ನು ಮರೆಯಬೇಡಿ: ಯಾವ ಜಾಗದಲ್ಲಿ ಮಕ್ಕಳು ಸೈಕಲ್ ಇಳಿದು ತಳ್ಳಿಕೊಂಡು ಹೋಗುತ್ತಾರೆ? ಅಲ್ಲೊಂದು ಗುರುತು ಹಾಕಿ. ಯಾವ ಇಂಜಿನಿಯರಿನ ಸರ್ವೆಯೂ ಅಪಾಯದ ಜಾಗವನ್ನು ಇಷ್ಟು ಕರಾರುವಾಕ್ಕಾಗಿ ತೋರಿಸದು.

ದಾಟುವ ಕಡೆ ಬೇಕಾದದ್ದು ಹಂಪ್, ಆದರೆ ಊರವರೇ ಜಲ್ಲಿ ಸುರಿದು ಮಾಡಿಕೊಳ್ಳುವ ಗೋಪುರವಲ್ಲ. ಅದು ಕಾರಿನ ತಳ ಕೆರೆಯುತ್ತದೆ, ಕ್ಯಾರಿಯರಿನ ಮೇಲೆ ಕೂತ ಮಗುವನ್ನು ಎತ್ತಿ ಹಾಕುತ್ತದೆ. ರಸ್ತೆ ಕೆಲಸದ ಮಾನದಂಡ ರೂಪಿಸುವ ಇಂಡಿಯನ್ ರೋಡ್ ಕಾಂಗ್ರೆಸ್ಸಿನ ಅಳತೆ ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಗಂಟೆಗೆ 25 ಕಿ.ಮೀ. ವೇಗಕ್ಕೆ ಹೊಂದುವ ಉಬ್ಬು. 40 ಮೀಟರ್ ಮೊದಲೇ ಫಲಕ, ಮೇಲೆ ಬಿಳಿ ಪಟ್ಟೆ. ಈ ಅಂಕಿಗಳನ್ನು ಅರ್ಜಿಯಲ್ಲೇ ಬರೆಯಿರಿ. ‘ಹಂಪ್ ಹಾಕಿಸಿಕೊಡಿ’ ಎಂದಷ್ಟೇ ಬರೆದರೆ ಗುತ್ತಿಗೆದಾರನ ಕೈಗೆ ಬಂದದ್ದು ಬೀಳುತ್ತದೆ.

ನಾಲೆ ತಿರುವಿನ ಬಗ್ಗೆ ನಿಮಗೆ ಹೇಳಬೇಕಿಲ್ಲ. 2018ರ ನವೆಂಬರಿನಲ್ಲಿ ನಿಮ್ಮದೇ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಹೋದರು. ಕಾರಿಗೆಂದು ಹಾಕುವ ಉಕ್ಕಿನ ಪಟ್ಟಿ ತಡೆ ಸೈಕಲ್ಲಿಗೆ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಸೀಟಿನ ಮೇಲೆ ಕೂತವರ ದೇಹದ ಭಾರ ಎತ್ತರದಲ್ಲಿರುತ್ತದೆ. ಸೊಂಟಕ್ಕಿಂತ ಕೆಳಗಿನ ತಡೆಗೆ ತಾಗಿದರೆ ಸೈಕಲ್ ಈಚೆ ಉಳಿದು ಆಳು ಆಚೆ ಬೀಳುತ್ತಾನೆ. ಹಳೆ ಸೇತುವೆಯ ಗಿಡ್ಡ ಗೋಡೆಗೂ ಇದೇ ಮಾತು. ಕನಿಷ್ಠ 1.2 ಮೀಟರ್ ಎತ್ತರ ಬರುವಂತೆ ಮೇಲೊಂದು ಪೈಪ್ ಕೇಳಿ.

ಇನ್ನೊಂದು ಸಣ್ಣ ಕೆಲಸ, ಪಂಚಾಯಿತಿಯೇ ಮಾಡಬಹುದಾದದ್ದು. ಕಾಂಕ್ರೀಟ್ ರಸ್ತೆ ಹಾಕಿದವರು ಪಕ್ಕಕ್ಕೆ ಮಣ್ಣು ತುಂಬದೆ ಹೋಗಿರುತ್ತಾರೆ. ಅಂಚು ಐದಾರು ಸೆಂ.ಮೀ. ಎದ್ದು ನಿಂತಿರುತ್ತದೆ. ಲಾರಿ ಹಾರನ್ ಹೊಡೆದಾಗ ಹುಡುಗಿ ಕೆಳಗಿಳಿಯುತ್ತಾಳೆ, ಲಾರಿ ಹೋದಮೇಲೆ ಓರೆಯಾಗಿ ಮೇಲೆ ಹತ್ತಲು ನೋಡುತ್ತಾಳೆ. ಮುಂದಿನ ಟೈರು ಅಂಚಿಗೆ ಉಜ್ಜಿಕೊಂಡು ಅಲ್ಲೇ ಉಳಿಯುತ್ತದೆ, ಮೈ ಮಾತ್ರ ರಸ್ತೆಯ ಕಡೆಗೆ ವಾಲುತ್ತದೆ, ಹಿಂದಿನ ಗಾಡಿಯ ಮುಂದಕ್ಕೆ. ಗ್ರಾವೆಲ್ ತುಂಬಿ ದಮ್ಮಸು ಮಾಡಿದರೆ ಮುಗಿಯಿತು. ಅಷ್ಟರವರೆಗೆ ಮಕ್ಕಳಿಗೆ ಹೇಳಿಕೊಡಿ: ಇಳಿದಿದ್ದರೆ ನಿಂತು, ಸೈಕಲ್ ಎತ್ತಿಟ್ಟೇ ಮತ್ತೆ ಹತ್ತುವುದು.

ಅರ್ಜಿ ಯಾರಿಗೆ? ಇಲ್ಲೇ ಎಲ್ಲರೂ ಸೋಲುವುದು. ಏರಿ ಕಾವೇರಿ ನೀರಾವರಿ ನಿಗಮದ್ದು, ಊರ ರಸ್ತೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ಇಲಾಖೆಯದ್ದು, ಮುಖ್ಯರಸ್ತೆ ಲೋಕೋಪಯೋಗಿಯದ್ದು. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಇವರೆಲ್ಲ ಒಂದೇ ಮೇಜಿಗೆ ಬರುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಲ್ಲಿ. ಗ್ರಾಮಸಭೆಯ ನಡಾವಳಿ, ಎಣಿಕೆಯ ಹಾಳೆ, ಮೂರು ಫೋಟೊ ಲಗತ್ತಿಸಿ ಅಲ್ಲಿಗೇ ಕೊಡಿ, ಸ್ವೀಕೃತಿ ಪಡೆಯಿರಿ.

ಮಂಡ್ಯದವರೆಗಿನ ಜಾಲದ ಮಾತಿಗೆ ಬರೋಣ. ಬೆಲ್ಜಿಯಂನ ಲಿಂಬುರ್ಗ್ ಹಿಂದೆ ಕಲ್ಲಿದ್ದಲ ಗಣಿಗಳ ಪ್ರಾಂತ್ಯವಾಗಿತ್ತು. ಅಲ್ಲಿನ ಗಣಿ ಇಂಜಿನಿಯರ್ ಹ್ಯೂಗೊ ಬೊಲ್ಲೆನ್ ಎಂಬಾತನ ಯೋಚನೆಯಂತೆ 1995ರಲ್ಲಿ ಈಗಾಗಲೇ ಇದ್ದ ಸದ್ದಿಲ್ಲದ ದಾರಿಗಳನ್ನು ಹೆಣೆದು, ಕೂಡುವ ಒಂದೊಂದು ಜಾಗಕ್ಕೂ ಒಂದು ಅಂಕಿ ಕೊಟ್ಟು, ಪಕ್ಕದ ಅಂಕಿಗೆ ಬಾಣದ ಗುರುತು ಹಾಕಿದರು. ‘41, 7, 63’ ಎಂದು ಚೀಟಿಯಲ್ಲಿ ಬರೆದುಕೊಂಡರೆ ಸಾಕು, ಊರ ಹೆಸರು ಗೊತ್ತಿರಬೇಕಿಲ್ಲ. ಈಗ ಬೆಲ್ಜಿಯಂನ ಉತ್ತರಭಾಗವಾದ ಫ್ಲಾಂಡರ್ಸ್ ಮತ್ತು ನೆದರ್ಲೆಂಡ್ಸ್ ತುಂಬ ಇದೇ ಪದ್ಧತಿ. ಖರ್ಚಿನ ದೃಷ್ಟಿಯಿಂದ ನಮಗೆ ಹೊಂದುವುದು ಇದೇ: ನಿಮ್ಮ ಹೈಸ್ಕೂಲಿನ ಸುತ್ತಲ ಐದಾರು ಊರಿಗೆ ಮೊದಲು ಅಂಕಿ ಬರಲಿ. ಪಕ್ಕದ ಹೈಸ್ಕೂಲಿನವರೂ ಹಾಗೇ ಮಾಡಿದರೆ ಎರಡೂ ತಾವಾಗಿ ಕೂಡುತ್ತವೆ, ಮಂಡ್ಯ ಆಮೇಲೆ ಬರುತ್ತದೆ.

ಸೈಕಲ್ಲಿನ ಬಗ್ಗೆಯೂ ಎರಡು ಮಾತು. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಸರ್ಕಾರ 8ನೇ ಕ್ಲಾಸಿನ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಇಂದಿಗೂ ತಂಗಿ ತಮ್ಮಂದಿರ ಕೈಯಲ್ಲಿ ಓಡುತ್ತಿವೆ. ಬ್ರೇಕ್ ರಬ್ಬರ್ ಮಾತ್ರ ಸವೆದು ಲೋಹ ರಿಮ್ಮಿಗೆ ತಾಗುತ್ತಿರುತ್ತದೆ. ಚೈನಿನ ನಡುಭಾಗ ಅರ್ಧ ಇಂಚು ಮೇಲೆಕೆಳಗೆ ಆಡಬೇಕು, ಹೆಚ್ಚಿದ್ದರೆ ಕಳಚುತ್ತದೆ, ಅದೂ ರಸ್ತೆ ದಾಟುವಾಗ ಜೋರಾಗಿ ತುಳಿದ ಹೊತ್ತಿಗೇ. ಬ್ಯಾಗು ಹ್ಯಾಂಡಲ್ಲಿಗೆ ಬೇಡ, ಕ್ಯಾರಿಯರಿಗೆ. ಚೂಡಿದಾರದ ವೇಲನ್ನು ಪಿನ್ ಹಾಕಿ ಹಿಂದೆ ಗಂಟು ಕಟ್ಟಲಿ. ಚೈನ್ ಕವರು ಮುರಿದಿದ್ದರೆ ಮೊದಲು ಅದನ್ನು ಹಾಕಿಸಿ. ಕಬ್ಬಿನ ಟ್ರ್ಯಾಕ್ಟರಿನ ಎಡಕ್ಕೆ ಯಾವತ್ತೂ ನುಸುಳಬಾರದು: ಇಂಜಿನ್ ಅಗಲವಾಗಿ ತಿರುಗಿದರೂ ಹಿಂದಿನ ಟ್ರೈಲರು ಮೂಲೆಯನ್ನು ಕತ್ತರಿಸಿಕೊಂಡೇ ಬರುತ್ತದೆ.

ಎಣಿಕೆಯ ಹಾಳೆ ತಯಾರಾದ ಮೇಲೆ ಕಳಿಸಿ, ಅರ್ಜಿಯ ಕರಡನ್ನು ತಿದ್ದಿಕೊಡುತ್ತೇವೆ. ಸಂತೆಯ ದಿನ ಎಣಿಸಬೇಡಿ, ಲೆಕ್ಕ ಉಬ್ಬುತ್ತದೆ, ಇಲಾಖೆಯವರು ಮೊದಲು ಹಿಡಿಯುವುದು ಅದನ್ನೇ.

– ಸಂಪಾದಕ