ಬ್ಯಾಂಕಾಕಿಗೆ ಮಕ್ಕಳೂ ಹೋಗಲಿ

ಓದುಗರ ಪತ್ರ: ನನ್ನ ಪತಿ ಕಚೇರಿ ಕೆಲಸದ ಮೇಲೆ ಒಂದು ವಾರ ಬ್ಯಾಂಕಾಕಿಗೆ ಹೋಗಬೇಕಾಗಿದೆ. ಜನವರಿಯಲ್ಲಾದರೂ ಸರಿ, ಏಪ್ರಿಲ್‌ನಲ್ಲಾದರೂ ಸರಿಯಂತೆ. ನಾನೂ ಮಕ್ಕಳೂ ಜೊತೆಗೆ ಹೊರಡೋಣವೆಂದುಕೊಂಡೆವು. ಮಗಳಿಗೆ ಐದು ವರ್ಷ, ಮಗನಿಗೆ ಎರಡೂವರೆ. ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ. ಅಲ್ಲಿ ವಿಪರೀತ ಟ್ರಾಫಿಕ್ಕು, ಸೆಕೆ, ಮೀನಿನ ವಾಸನೆ, ಮಕ್ಕಳಿಗೆ ಕಾಯಿಲೆ ಗ್ಯಾರಂಟಿ ಅನ್ನುತ್ತಾರೆ. ಈ ವಯಸ್ಸಿನಲ್ಲಿ ಏನೂ ನೆನಪಿರುವುದಿಲ್ಲ, ದುಡ್ಡು ದಂಡ ಅನ್ನುವುದು ನನಗೂ ಒಂದೊಂದು ಸಲ ನಿಜ ಅನ್ನಿಸುತ್ತದೆ. ಮಕ್ಕಳನ್ನು ತಮ್ಮ ಹತ್ತಿರ ಬಿಟ್ಟು ಹೋಗಿ ಎಂದು ಅತ್ತೆ ಹೇಳುತ್ತಿದ್ದಾರೆ. ನೀವೇನು ಹೇಳುತ್ತೀರಿ?
— ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಹೋಗಿ. ಮಕ್ಕಳನ್ನು ಕರೆದುಕೊಂಡೇ ಹೋಗಿ. ಜನವರಿಯಲ್ಲಿ ಹೋಗಿ.

ಉತ್ತರವನ್ನು ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಮ್ಮ ಪತ್ರ ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆಯನ್ನೇ ಮುಟ್ಟಿದೆ. ಜನ ತುಂಬಿದ ಊರು ಮಕ್ಕಳಿಗೆ ಹೇಳಿದ್ದಲ್ಲ ಎಂದು ನಾವು ಯಾವಾಗ ತೀರ್ಮಾನಿಸಿಬಿಟ್ಟೆವು? ನಮ್ಮ ಅಜ್ಜಿಯರು ಕಂಕುಳಲ್ಲೊಂದು ಕೂಸು, ಸೆರಗು ಹಿಡಿದ ಇನ್ನೊಂದು ಮಗುವಿನೊಡನೆ ಸಂತೆಗೂ ಹೋದರು, ತೇರಿಗೂ ಹೋದರು. ಇಂದಿನ ತಾಯಂದಿರು ಮಾತ್ರ ಹೆದರಿಕೊಂಡು ಪತ್ರಿಕೆಗೆ ಬರೆದು ಕೇಳಬೇಕಾಗಿದೆ.

ಮನೆಯವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಬ್ಯಾಂಕಾಕಿಗೆ ಏಪ್ರಿಲ್ ಕಡುಬೇಸಿಗೆ. ಆ ತಿಂಗಳ 13ರಿಂದ 15ರವರೆಗಿನ ಸೊಂಗ್‌ಕ್ರಾನ್ ಹಬ್ಬದಲ್ಲಿ ಬೀದಿಬೀದಿಯಲ್ಲೂ ನೀರೆರಚಾಟ ನಡೆಯುತ್ತದೆ. ಎರಡೂವರೆ ವರ್ಷದ ಮಗು ಆ ಗದ್ದಲವನ್ನು ತಡೆದುಕೊಳ್ಳುವುದು ಕಷ್ಟ. ಜನವರಿಯಲ್ಲಿ ಹವೆ ಹಿತವಾಗಿರುತ್ತದೆ, ಆದರೆ ಕೆಲವು ದಿನ ಹೊಗೆ ಕವಿಯುತ್ತದೆ. ಮಕ್ಕಳಲ್ಲಿ ಯಾರಿಗಾದರೂ ಉಬ್ಬಸವಿದ್ದರೆ ಮೊದಲೇ ಡಾಕ್ಟರನ್ನು ಕೇಳಿ. ಫುಟ್‌ಪಾತುಗಳು ಏರುಪೇರು, ಮೋಟಾರುಬೈಕುಗಳು ಅದರ ಮೇಲೂ ಬರುತ್ತವೆ. ಬಿಟಿಎಸ್ ಎಂಬ ಮೇಲ್ಸೇತುವೆ ರೈಲಿನ ಎಲ್ಲ ನಿಲ್ದಾಣಗಳಲ್ಲೂ ಬೇಕಾದ ಬಾಗಿಲಿಗೇ ಲಿಫ್ಟ್ ಸಿಗುವುದಿಲ್ಲ. ಆದ್ದರಿಂದ ಸ್ಟ್ರಾಲರನ್ನು ಮನೆಯಲ್ಲೇ ಬಿಡಿ, ಮಗನನ್ನು ಎದೆಗೆ ಕಟ್ಟಿಕೊಳ್ಳುವ ಚೀಲ ಒಯ್ಯಿರಿ. ನಲ್ಲಿ ನೀರು ಕುಡಿಸಬೇಡಿ. ಡೆಂಗಿ ಇರುವ ಊರು, ಸೊಳ್ಳೆಯ ಕ್ರೀಮು ಮರೆಯಬೇಡಿ. ಬೀದಿನಾಯಿ ಎಷ್ಟೇ ಸಾಧುವಾಗಿ ಕಂಡರೂ ಮುಟ್ಟಲು ಬಿಡಬೇಡಿ. ಮಕ್ಕಳನ್ನು ಕೂರಿಸಿಕೊಂಡು ಬೈಕ್ ಟ್ಯಾಕ್ಸಿ ಹತ್ತಲೇಬೇಡಿ. ಎಚ್ಚರಿಕೆ ಇಷ್ಟು ಸಾಕು.

ಈಗ ನೆನಪಿನ ಮಾತು. ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನದು ದೊಡ್ಡವರಾದ ಮೇಲೆ ಬಹುಮಂದಿಗೆ ನೆನಪಿರುವುದಿಲ್ಲ, ಮನಶ್ಶಾಸ್ತ್ರಜ್ಞರು ಅದನ್ನು ಒಪ್ಪುತ್ತಾರೆ. ನಿಮ್ಮ ಮಗ ಈ ಪ್ರವಾಸವನ್ನು ಮರೆಯುತ್ತಾನೆ, ಇರಲಿ. ಆದರೆ ಎರಡು ವರ್ಷದ ಮಗುವನ್ನು ಮುಡಿ ಕೊಡಲು ತಿರುಪತಿಗೆ ಕರೆದೊಯ್ಯುವಾಗ 'ಇವನಿಗೆ ನೆನಪಿರುತ್ತದೆಯೇ' ಎಂದು ಯಾರಾದರೂ ಕೇಳಿದ್ದುಂಟೆ? ಜೋಗುಳ ಹಾಡುವಾಗ, ಚಂದ್ರನನ್ನು ತೋರಿಸಿ ತುತ್ತು ಕೊಡುವಾಗ ಕೇಳುತ್ತೇವೆಯೆ? ನೆನಪಿನ ಲೆಕ್ಕ ಬರುವುದು ಪ್ರವಾಸದ ಖರ್ಚು ಎದುರಿಗೆ ಬಂದಾಗ ಮಾತ್ರ. ಮಗು ಆ ಗಳಿಗೆಯಲ್ಲಿ ಕಣ್ಣರಳಿಸಿ ನೋಡಿದ್ದು, ಅಪರಿಚಿತರ ಮುಖ ನೋಡಿ ಮೊದಲು ಅಡಗಿ ಆಮೇಲೆ ನಕ್ಕಿದ್ದು, ಇವೆಲ್ಲ ಅದರ ಬೆಳವಣಿಗೆಗೆ ಸೇರುತ್ತವೆ. ಐದು ವರ್ಷದ ನಿಮ್ಮ ಮಗಳಿಗಂತೂ ಬೇಕಾದಷ್ಟು ನೆನಪಿರುತ್ತದೆ. ಈ ಒಂದು ಮಾತಿಗೆ ಮಾತ್ರ ನಿಮ್ಮ ಮೇಲೆ ನನಗೆ ಸ್ವಲ್ಪ ಕೋಪ: ಮನೆಯವರು ಹೇಳಿದರು ಸರಿ, ನಿಮಗೂ ಯಾಕೆ ನಿಜ ಅನ್ನಿಸಬೇಕು?

ಬೆಂಗಳೂರಿನಿಂದ ವಿಮಾನದಲ್ಲಿ ನಾಲ್ಕು ಗಂಟೆಯೊಳಗಿನ ದಾರಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ, ಅಷ್ಟೆ. ಮಕ್ಕಳ ನಿದ್ದೆ ಕೆಡುವುದಿಲ್ಲ. ಇಲ್ಲಿ ಒಂಬತ್ತಕ್ಕೆ ಮಲಗುವವರು ಅಲ್ಲಿ ಹತ್ತೂವರೆಗೆ ಮಲಗುತ್ತಾರೆ, ಸಂಜೆಯ ಸಂತೆ ನೋಡಲು ಅದರಿಂದ ಅನುಕೂಲವೇ. ಮೇ 2025ರಿಂದ ಥಾಯ್ಲೆಂಡಿಗೆ ಹೋಗುವ ಪ್ರತಿಯೊಬ್ಬ ವಿದೇಶಿಯೂ ಆನ್‌ಲೈನಿನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಮಕ್ಕಳ ಹೆಸರಿನಲ್ಲೂ ಬೇರೆ ಬೇರೆಯಾಗಿ ತುಂಬಿ.

ಅಲ್ಲಿ ಇಳಿದ ಮೇಲೆ ಮೊದಲು ನದಿಗೆ ಹೋಗಿ. ಚಾವೊ ಫ್ರಾಯಾ ನದಿಯೇ ಆ ಊರಿನ ಹೆದ್ದಾರಿ. ಬಸ್ಸಿನಂತೆ ದೋಣಿಗಳು ಕಟ್ಟೆಯಿಂದ ಕಟ್ಟೆಗೆ ಓಡಾಡುತ್ತವೆ, ಅವುಗಳ ದಾರಿ ಯಾವುದೆಂದು ಬಾವುಟದ ಬಣ್ಣ ಹೇಳುತ್ತದೆ. ದೋಣಿ ಕಟ್ಟೆಗೆ ಬರುವಾಗ ಹಗ್ಗ ಹಿಡಿದವನು ಸಿಳ್ಳೆ ಹಾಕಿ ಚಾಲಕನಿಗೆ ಸೂಚನೆ ಕೊಡುತ್ತಾನೆ. ಕಂಡಕ್ಟರಮ್ಮ ಲೋಹದ ಕೊಳವೆಯೊಂದನ್ನು ಕಟಕಟ ಅನ್ನಿಸುತ್ತ ಬರುತ್ತಾಳೆ, ಟಿಕೆಟ್ಟೂ ಚಿಲ್ಲರೆಯೂ ಅದರೊಳಗೇ. ನನ್ನ ಮೊಮ್ಮಗಳಿಗೆ ಆ ಕೊಳವೆಯ ಮುಂದೆ ಬೇರೆ ಯಾವುದೂ ರುಚಿಸಲಿಲ್ಲ. ಥಾ ಟಿಯೆನ್ ಕಟ್ಟೆಯಿಂದ ಆಚೆ ದಡದ ವಾಟ್ ಅರುಣ್ ದೇವಾಲಯಕ್ಕೆ ಕೆಲವೇ ಬಾತ್ (ಥಾಯ್ ಹಣ) ಕೊಟ್ಟು ನದಿ ದಾಟುವ ಪುಟ್ಟ ದೋಣಿಯಿದೆ. ನಾವು ದೇವಾಲಯ ನೋಡಲು ಹೊರಟೆವು, ಅವಳಿಗೆ ದೋಣಿಯೇ ಸಾಕಾಯಿತು. ಆಚೆ ಹೋದೆವು, ಈಚೆ ಬಂದೆವು, ಮತ್ತೆ ಆಚೆ ಹೋದೆವು. ಚೀನೀ ಪಿಂಗಾಣಿಯ ಚೂರುಗಳಿಂದ ಸಿಂಗರಿಸಿದ ಆ ಗೋಪುರವನ್ನು ಅವಳು ಕತ್ತೆತ್ತಿ ನೋಡಿದ್ದು ಕೊನೆಯ ಸುತ್ತಿನಲ್ಲಿ, ತನಗೆ ಬೇಕೆನಿಸಿದಾಗ, ನೀರಿನ ಮೇಲಿಂದ. ನಾನು ಅಷ್ಟು ಚೆನ್ನಾಗಿ ಆ ಗೋಪುರವನ್ನು ಹಿಂದೆ ನೋಡಿರಲಿಲ್ಲ.

ಸೇನ್ ಸೇಪ್ ಕಾಲುವೆಯ ದೋಣಿಗಳಿಗೆ ಮಾತ್ರ ಈ ವಯಸ್ಸಿನವರನ್ನು ಹತ್ತಿಸಬೇಡಿ. ಅವು ಕಟ್ಟೆಯಲ್ಲಿ ನಿಲ್ಲುವುದೇ ಅರೆಗಳಿಗೆ, ಜಿಗಿದು ಹತ್ತಿ ಜಿಗಿದು ಇಳಿಯಬೇಕು.

ಅರಮನೆಯ ಅಂಗಳದಲ್ಲಿರುವ ವಾಟ್ ಫ್ರಾ ಕೇವ್ ದೇವಾಲಯಕ್ಕೆ ಬಾಗಿಲು ತೆಗೆಯುತ್ತಿದ್ದಂತೆಯೇ ಹೋಗಿ, ಬಿಸಿಲೇರುವ ಮೊದಲು ಹೊರಬನ್ನಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಒಳಗೆ ಸುತ್ತಲಿನ ಮೊಗಸಾಲೆಯ ಗೋಡೆಗಳ ಮೇಲೆ ರಾಮಕಿಯೆನ್, ಅಂದರೆ ಥಾಯ್ ಜನರ ರಾಮಾಯಣ, 178 ಚಿತ್ರಗಳಲ್ಲಿ ಹರಡಿಕೊಂಡಿದೆ. ಎಲ್ಲವನ್ನೂ ತೋರಿಸಲು ಹೋಗಬೇಡಿ. ಹನುಮಂತ ಬೆಳೆದು ನಿಂತು ರಾಮನ ಬಿಡಾರವನ್ನೇ ಬಾಯೊಳಗಿಟ್ಟುಕೊಂಡು ಕಾಯುವ ಒಂದು ಚಿತ್ರವಿದೆ, ಅದನ್ನು ಹುಡುಕಿ. ಮೈರಾವಣನಿಂದ ರಾಮನನ್ನು ಕಾಪಾಡಲು ಅವನು ಮಾಡಿದ ಉಪಾಯ ಅದು. ನಮ್ಮ ಕಡೆಯ ಕಥೆಯಲ್ಲಿ ಹನುಮಂತ ಬಾಲದಿಂದ ಕೋಟೆ ಕಟ್ಟಿ ಕಾಯುತ್ತಾನೆ, ಅಲ್ಲಿ ಬಾಯಲ್ಲಿಟ್ಟುಕೊಳ್ಳುತ್ತಾನೆ. ಎರಡು ಕಡೆಯೂ ಮೈರಾವಣ ಮೋಸದಿಂದ ರಾಮನನ್ನು ಪಾತಾಳಕ್ಕೆ ಒಯ್ಯುತ್ತಾನೆ. ಐದು ವರ್ಷದ ಹುಡುಗಿ ಈ ಎರಡು ಕಥೆಗಳನ್ನು ಎದುರುಬದುರು ಇಟ್ಟು ಎಂಥೆಂಥ ಪ್ರಶ್ನೆ ಕೇಳುತ್ತಾಳೆ ನೋಡಿ. ಆ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ನಿಮ್ಮ ಅತ್ತೆಯೇ ಇರಬೇಕು. ಮಕ್ಕಳನ್ನು ಅವರ ಹತ್ತಿರ ಬಿಡುವ ಬದಲು ಅವರಿಗೂ ಪಾಸ್‌ಪೋರ್ಟ್ ಮಾಡಿಸಿ, ಜೊತೆಗೆ ಕರೆದುಕೊಂಡು ಹೋಗಿ.

ಅದೇ ಅಂಗಳದಲ್ಲಿ ಒಂದು ಬೆಳಿಗ್ಗೆ ಕನ್ನಡ ಕಿವಿಗೆ ಬಿದ್ದು ತಿರುಗಿ ನೋಡಿದೆ. ನಾಲ್ಕು ವರ್ಷವಿದ್ದೀತು, ಒಬ್ಬ ಹುಡುಗ ನೆರಳಿನಲ್ಲಿ ಮಲಗಿದ್ದ ಬೆಕ್ಕಿನೆದುರು ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದ. ಬಾವುಟ ಹಿಡಿದ ಗೈಡು ಗುಂಪನ್ನು ಹೊರಡಿಸುತ್ತಿದ್ದ. ಅಪ್ಪ ತೋಳು ಹಿಡಿದು ಎಳೆದ, ಹುಡುಗ ಅತ್ತ. "ಇಷ್ಟು ದುಡ್ಡು ಖರ್ಚು ಮಾಡಿ ಬೆಕ್ಕು ತೋರಿಸೋಕೆ ಕರ್ಕೊಂಡು ಬಂದಿದೀನಾ?" ಎಂದು ಅಪ್ಪ ಗದರಿದ. ಪಟ್ಟಾಯದಲ್ಲಿ ಎರಡು ರಾತ್ರಿ, ಬ್ಯಾಂಕಾಕಿನಲ್ಲಿ ಎರಡು ರಾತ್ರಿ, ನಡುವೆ ಹರಳಿನ ಅಂಗಡಿ, ಸುಮಾರು ನೂರು ಕಿಲೋಮೀಟರು ದೂರದ ತೇಲುವ ಮಾರುಕಟ್ಟೆ, ಸಫಾರಿ, ಮಾಲು. ನಮ್ಮವರು ಕೊಳ್ಳುವ ಪ್ಯಾಕೇಜು ಇದು. ಆ ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ವರ್ಷವಿಡೀ ದುಡಿದು ಕೂಡಿಟ್ಟ ದುಡ್ಡು, ಸಿಕ್ಕಿದ ಐದು ದಿನ ರಜೆ. ಸಿಟ್ಟಿರುವುದು ಮಗುವನ್ನೂ ಸೂಟ್‌ಕೇಸಿನ ಲೆಕ್ಕಕ್ಕೆ ಸೇರಿಸಿ ಬಸ್ಸಿಗೆ ಹತ್ತಿಸುವ, ಇಳಿಸುವ ಆ ಏರ್ಪಾಟಿನ ಮೇಲೆ. ಆ ಹುಡುಗ ಬ್ಯಾಂಕಾಕನ್ನು ನೋಡುತ್ತಲೇ ಇದ್ದ. ಗುಡಿಯ ನೆರಳು, ತಣ್ಣನೆಯ ಕಲ್ಲು, ಯಾರನ್ನೂ ಲೆಕ್ಕಿಸದ ಬೆಕ್ಕು, ಅದೂ ಆ ಊರೇ.

ನಿಮ್ಮ ದಿನಕ್ಕೆ ಒಂದೇ ಒಂದು ಕೆಲಸವಿರಲಿ. ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಕೋಣೆಯಲ್ಲಿ ನಿದ್ದೆ, ಸಂಜೆ ಹತ್ತಿರದ ಬೀದಿ. ವಾಟ್ ಪೋ ದೇವಾಲಯದಲ್ಲಿ ಮಲಗಿರುವ ಬುದ್ಧನ ಮೂರ್ತಿ 46 ಮೀಟರ್ ಉದ್ದವಿದೆ. ಅದರ ಹಿಂದೆ ಸಾಲಾಗಿ 108 ಕಂಚಿನ ಬಟ್ಟಲುಗಳು, ಒಂದೊಂದಕ್ಕೂ ಒಂದೊಂದು ಪುಡಿಕಾಸು ಟಣ್ ಎಂದು ಹಾಕುತ್ತ ಹೋಗಬೇಕು. ಮಗಳು ಎಣಿಸುತ್ತಾಳೆ, ಮಗ ಸದ್ದಿಗೆ ಕಾಯುತ್ತಾನೆ. ಇಬ್ಬರಿಗೂ ಅಲ್ಲಿ ಕೆಲಸವಿದೆ.

ಊಟದ ಚಿಂತೆ ಬಿಡಿ. ಮೀನಿನ ಸಾಸ್ ಅಲ್ಲಿ ಬಹುತೇಕ ಎಲ್ಲ ಅಡುಗೆಗೂ ಬೀಳುತ್ತದೆ, ಸಸ್ಯಾಹಾರಿಗಳಾದರೆ 'ಜೇ' ಎಂದು ಕೇಳಿ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಬರೆದ ಅಂಗಡಿಗಳಲ್ಲಿ ಮಾಂಸ, ಮೀನು, ಮೊಟ್ಟೆ ಯಾವುದೂ ಇರುವುದಿಲ್ಲ. ಬಾಳೆಹಣ್ಣು, ಹಾಲು, ಮೊಸರು ಮೂಲೆಮೂಲೆಯ ಅಂಗಡಿಯಲ್ಲೂ ಇವೆ. ಬೀದಿಬದಿಯಲ್ಲಿ ಖನೋಮ್ ಖ್ರೋಕ್ ಬೇಯಿಸುವ ಹೆಂಗಸರನ್ನು ಹುಡುಕಿ. ಅಕ್ಕಿಹಿಟ್ಟು, ತೆಂಗಿನಹಾಲು, ಸಕ್ಕರೆ ಕಲಸಿ ಗುಳಿಯಿರುವ ಕಾವಲಿಯಲ್ಲಿ ಸುಡುತ್ತಾರೆ. ನಮ್ಮ ಪಡ್ಡಿನ ಕಾವಲಿಯೇ ಎನ್ನಬೇಕು. ದಾವಣಗೆರೆಯ ಮಕ್ಕಳಿಗೆ ಅದನ್ನು ಯಾರೂ ಪರಿಚಯಿಸಬೇಕಾಗಿಲ್ಲ.

ಸಂಜೆಗೆ ಲುಂಪಿನಿ ಉದ್ಯಾನ. ಬುದ್ಧ ಹುಟ್ಟಿದ ಲುಂಬಿನಿಯ ಹೆಸರು ಹೊತ್ತ ಅದು 1920ರ ದಶಕದಲ್ಲಿ ಆರನೇ ರಾಮ ಎಂಬ ಥಾಯ್ ದೊರೆ ಕೊಟ್ಟ ನೆಲ, ಈಗ ಗಗನಚುಂಬಿಗಳ ನಡುವೆ ಉಳಿದುಕೊಂಡಿದೆ. ಕೊಳದಲ್ಲಿ ಆಳುದ್ದದ ಉಡಗಳು ಈಜುತ್ತವೆ, ದಡಕ್ಕೆ ಬಂದು ಬಿಸಿಲು ಕಾಯುತ್ತವೆ. ದೂರದಿಂದ ನೋಡಿದರೆ ಅವು ತಮ್ಮ ಪಾಡಿಗೆ ತಾವಿರುತ್ತವೆ. ಸಂಜೆ 6ಕ್ಕೆ ಸರಿಯಾಗಿ ರಾಷ್ಟ್ರಗೀತೆ ಮೊಳಗಿದಾಗ ಓಡುವವರು, ಕುಣಿಯುವವರು, ಚೆಂಡಾಡುವವರು ಎಲ್ಲರೂ ಇದ್ದಲ್ಲೇ ನಿಂತುಬಿಡುತ್ತಾರೆ, ಮುಗಿದ ಕೂಡಲೇ ಮತ್ತೆ ಓಡುತ್ತಾರೆ. ಸಾವಿರ ಜನ ದೊಡ್ಡವರು ಒಟ್ಟಿಗೆ 'ಸ್ಟ್ಯಾಚ್ಯೂ' ಆಡುವುದನ್ನು ನಿಮ್ಮ ಮಗಳು ಬೇರೆಲ್ಲಿ ನೋಡಬೇಕು?

ಬ್ಯಾಂಕಾಕು ಮಕ್ಕಳ ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ಕಾಲುವೆಗಳ ಮೇಲೆ ಬದುಕಿದ್ದ ಊರು ಅದು. 1860ರ ದಶಕದಲ್ಲಿ ಚರೋನ್ ಕ್ರುಂಗ್ ರಸ್ತೆ ಬಂತು, ಆಮೇಲೆ ಒಂದೊಂದೇ ಕಾಲುವೆಯನ್ನು ತುಂಬಿ ರಸ್ತೆ ಮಾಡಿದರು. 1968ರಲ್ಲಿ ಟ್ರಾಮನ್ನೂ ನಿಲ್ಲಿಸಿದರು. ಮಕ್ಕಳು ಮುಳುಗಿ ಏಳುತ್ತಿದ್ದ ನೀರಿದ್ದ ಕಡೆ ಈಗ ಕಾರುಗಳು ನಿಂತಿವೆ. ಆದರೂ ಆ ಊರಿನ ಜನ ಮಕ್ಕಳಿಂದ ಮುಖ ತಿರುಗಿಸಿಲ್ಲ. ರೈಲಿನಲ್ಲಿ ಮಗು ಹತ್ತಿದರೆ ಯಾರಾದರೂ ಎದ್ದು ಜಾಗ ಬಿಡುತ್ತಾರೆ, ಹೋಟೆಲಿನ ಹುಡುಗಿಯರು ಎತ್ತಿಕೊಂಡು ಆಡಿಸುತ್ತಾರೆ.

ನಮ್ಮಲ್ಲಿ? ಆಟ, ಬಿಡುವು, ಸಾಂಸ್ಕೃತಿಕ ಬದುಕು ಮಕ್ಕಳ ಹಕ್ಕು ಎಂದು 1989ರ ವಿಶ್ವಸಂಸ್ಥೆಯ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ. ಭಾರತವೂ ಥಾಯ್ಲೆಂಡೂ 1992ರಲ್ಲೇ ಅದಕ್ಕೆ ಸೇರಿದವು. ಹಾಗಿದ್ದೂ ಬೆಂಗಳೂರಿನ ಉದ್ಯಾನಗಳು ನಡುಹಗಲಲ್ಲಿ ಬಾಗಿಲು ಮುಚ್ಚುವುದು ವರ್ಷಗಟ್ಟಲೆ ನಡೆಯಿತು. ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿಡಿ ಎಂದು ಹೇಳಲು 2024 ಬರಬೇಕಾಯಿತು. ಬಾಗಿಲು ತೆರೆದರೆ ಒಳಗೆ 'ಚೆಂಡಾಟ ನಿಷೇಧಿಸಿದೆ' ಎಂಬ ಫಲಕ. ಹುಲ್ಲು ಮುಟ್ಟಬಾರದು, ಮರ ಹತ್ತಬಾರದು. ಬೀದಿಯನ್ನು ಗಾಡಿಗಳಿಗೆ, ಮೈದಾನವನ್ನು ಸಮಾರಂಭಗಳಿಗೆ ಕೊಟ್ಟ ಮೇಲೆ ಮಕ್ಕಳಿಗೆ ಉಳಿಯುವುದು ಮಾಲಿನ ಮೂರನೇ ಮಹಡಿ, ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಸಿಗುವ ಪ್ಲಾಸ್ಟಿಕ್ ಜಾರುಬಂಡೆ. ಹೀಗೆ ಬೆಳೆದ ಮಗು ಜನಜಂಗುಳಿ ಕಂಡು ಹೆದರಿದರೆ 'ನೋಡಿ, ನಾವು ಹೇಳಲಿಲ್ಲವೆ' ಎನ್ನುವವರೂ ನಾವೇ.

ಜನವರಿ ಎಂದು ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಥಾಯ್ಲೆಂಡಿನಲ್ಲಿ ಮಕ್ಕಳ ದಿನಾಚರಣೆ ಜನವರಿಯ ಎರಡನೇ ಶನಿವಾರ. ಆ ದಿನ ಪ್ರಧಾನಿಯ ಕಾರ್ಯಾಲಯದ ಬಾಗಿಲನ್ನು ಮಕ್ಕಳಿಗೆ ತೆರೆಯುತ್ತಾರೆ, ಅವರು ಸಾಲುಗಟ್ಟಿ ಪ್ರಧಾನಿಯ ಕುರ್ಚಿಯಲ್ಲಿ ಕೂತು ನೋಡುತ್ತಾರೆ. ಸೇನೆಯವರು ವಿಮಾನ, ಟ್ಯಾಂಕುಗಳನ್ನೂ ಹತ್ತಿಸುತ್ತಾರೆ, ಅದು ನನಗೆ ಹಿಡಿಸುವುದಿಲ್ಲ. ಆದರೆ ಕುರ್ಚಿಯಲ್ಲಿ ಕೂರಿಸುವುದು ಹಿಡಿಸುತ್ತದೆ. ನವೆಂಬರ್ 14ರಂದು ನಮ್ಮ ಶಾಲೆಗಳಲ್ಲಿ ಮಕ್ಕಳು ನೆಲದ ಮೇಲೆ ಕೂತು ಅತಿಥಿಗಳ ಭಾಷಣ ಕೇಳುತ್ತಾರೆ. ವಿಧಾನಸೌಧದ ಬಾಗಿಲನ್ನು ವರ್ಷಕ್ಕೊಂದು ದಿನ ಬರೀ ಮಕ್ಕಳಿಗೆಂದು ತೆರೆಯಿರಿ ಎಂದು ಈ ಪತ್ರಿಕೆಯಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ನಿಮ್ಮ ಪತಿಯ ಕೆಲಸ ಆ ವಾರದ ಶುಕ್ರವಾರಕ್ಕೆ ಮುಗಿಯುವಂತೆ ದಿನಾಂಕ ಹೊಂದಿಸಿಕೊಳ್ಳಿ, ಶನಿವಾರ ಬೆಳಿಗ್ಗೆ ಮಕ್ಕಳ ಜೊತೆ ಬೀದಿಗಿಳಿಯಿರಿ.