ಪತ್ರ ಬರೆಯೋಕೆ, ಲೆಕ್ಕದ ಹಾಳೆ ಮಾಡೋಕೆ ಇರುವ ಓಪನ್ ಆಫೀಸ್, ಲಿಬ್ರೆ ಆಫೀಸ್ ಎರಡೂ ಉಚಿತ, ನೋಡೋಕೂ ಒಂದೇ ಥರ. ಯಾವುದನ್ನು ಹಾಕಿಕೊಳ್ಳಲಿ?

ಲಿಬ್ರೆ ಆಫೀಸ್ ಹಾಕಿಕೊಳ್ಳಿ. ಕನ್ನಡದಲ್ಲಿ ಟೈಪ್ ಮಾಡುವವರಾದರೆ ಎರಡನೇ ಯೋಚನೆಯೇ ಬೇಡ.

ಒಂದೇ ಥರ ಕಾಣುವುದು ಸಹಜ, ಎರಡರ ಬೇರೂ ಒಂದೇ. ಜರ್ಮನಿಯ ಸ್ಟಾರ್ ಆಫೀಸ್ ಅನ್ನು ಸನ್ ಕಂಪನಿ 1999ರಲ್ಲಿ ಕೊಂಡುಕೊಂಡಿತು, ಮರುವರ್ಷವೇ ಅದರ ಸೋರ್ಸ್ ಕೋಡ್, ಅಂದರೆ ತಂತ್ರಾಂಶದ ಮೂಲ ಬರಹ, ಎಲ್ಲರಿಗೂ ಬಿಟ್ಟುಕೊಟ್ಟಿತು, ಅದೇ ಓಪನ್ ಆಫೀಸ್ ಆಯಿತು. 2010ರಲ್ಲಿ ಸನ್ ಕಂಪನಿಯೇ ಒರಾಕಲ್ ಅನ್ನೋ ಇನ್ನೊಂದು ಕಂಪನಿಯ ಕೈಗೆ ಹೋಯಿತು. ಓಪನ್ ಆಫೀಸ್‌ಗಾಗಿ ಕೆಲಸ ಮಾಡುತ್ತಿದ್ದ ಬಹಳಷ್ಟು ಜನ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೊರಬಂದು ಡಾಕ್ಯುಮೆಂಟ್ ಫೌಂಡೇಶನ್ ಅನ್ನೋ ಸಂಸ್ಥೆ ಕಟ್ಟಿದರು, ಕೋಡ್ ಎಲ್ಲರದ್ದೂ ಆಗಿದ್ದರಿಂದ ಅದನ್ನೇ ತೆಗೆದುಕೊಂಡು ಲಿಬ್ರೆ ಆಫೀಸ್ ಅಂತ ಮುಂದುವರಿಸಿದರು. ಓಪನ್ ಆಫೀಸ್ ಅನ್ನೋ ಹಳೇ ಹೆಸರು 2011ರಲ್ಲಿ ಅಪಾಚೆ ಅನ್ನೋ ತಂತ್ರಾಂಶ ಸಂಸ್ಥೆಗೆ ಹೋಯಿತು. ಹೆಸರು ಅಲ್ಲಿ ಉಳಿಯಿತು, ಕೆಲಸ ಮಾತ್ರ ಲಿಬ್ರೆಯಲ್ಲಿ ನಡೆಯುತ್ತಿದೆ. ಅಪಾಚೆಯದ್ದು 2014ರಲ್ಲಿ 4.1 ಬಂದಮೇಲೆ ಚಿಕ್ಕಪುಟ್ಟ ರಿಪೇರಿಗಳಲ್ಲೇ ಇದೆ. ಅದು ಡಾಕ್ಸ್ (docx, ಎಂಎಸ್ ವರ್ಡ್‌ನ ಫೈಲ್ ಬಗೆ) ಫೈಲ್ ತೆರೆಯುತ್ತದೆ, ಆದರೆ ಡಾಕ್ಸ್ ಆಗಿ ಸೇವ್ ಮಾಡುವುದಿಲ್ಲ. ಲಿಬ್ರೆ ಎರಡೂ ಮಾಡುತ್ತದೆ. ಕಾಲೇಜಿಗೋ ಆಫೀಸಿಗೋ ಫೈಲ್ ಕಳಿಸುವವರಿಗೆ ಇದೊಂದೇ ಸಾಕು, ಅಲ್ವಾ?

ಈಗ ಕನ್ನಡದ ವಿಷಯ. 2017ರ 5.3 ಆವೃತ್ತಿಯಿಂದ ಲಿಬ್ರೆ ಆಫೀಸ್ ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಅಕ್ಷರ ಜೋಡಿಸೋಕೆ ಹಾರ್ಫ್‌ಬಜ್ ಅನ್ನೋ ಒಂದೇ ಎಂಜಿನ್ ಬಳಸುತ್ತದೆ. ನಮ್ಮ ಒತ್ತಕ್ಷರಗಳಿಗೆ ಇದರಿಂದ ದೊಡ್ಡ ಅನುಕೂಲ.

ಆದರೆ ಒಂದು ಸಂಗತಿ ಮೊದಲೇ ತಿಳಿದಿರಲಿ. ನಾನು ಅಕ್ಕನ ಮನೆಯ ಗೃಹಪ್ರವೇಶದ ಕರೆಯೋಲೆ ಮಾಡುವಾಗ ಫಾಂಟ್ ಸೈಜ್ 18 ಅಂತ ಸ್ಟೈಲ್‌ನಲ್ಲಿ (ಅಕ್ಷರದ ರೂಪ, ಅಳತೆ ಒಟ್ಟಿಗೆ ಹೇಳಿಡುವ ಜಾಗ) ಕೊಟ್ಟೆ. ಇಂಗ್ಲಿಷ್ ವಿಳಾಸ ದೊಡ್ಡದಾಯಿತು, ಕನ್ನಡ ಸಾಲುಗಳು 12ರಲ್ಲೇ ಕೂತಿದ್ದವು. ಅರ್ಧ ಗಂಟೆ ಒದ್ದಾಡಿದೆ. ಆಮೇಲೆ ಗೊತ್ತಾಯಿತು, ಇದರಲ್ಲಿ ಕನ್ನಡಕ್ಕೆ ಬೇರೆಯೇ ಫಾಂಟ್, ಬೇರೆಯೇ ಸೈಜ್ ಇರುತ್ತದೆ. ಟೂಲ್ಸ್, ಆಪ್ಷನ್ಸ್‌ಗೆ ಹೋಗಿ ಭಾಷೆಯ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ (ಚಿಕ್ಕದಾಗಿ ಸಿಟಿಎಲ್, ಕನ್ನಡದಂಥ ಲಿಪಿಗಳ ಗುಂಪು) ಎದುರು ಕನ್ನಡ ಆರಿಸಿ. ಆಮೇಲೆ ಅದೇ ಆಪ್ಷನ್ಸ್‌ನ ರೈಟರ್ (ಬರವಣಿಗೆಯ ಭಾಗ) ವಿಭಾಗದಲ್ಲಿ ಸಿಟಿಎಲ್ ಫಾಂಟ್ ಅಂತ ಇರುತ್ತದೆ, ಅಲ್ಲಿ ನಿಮಗೆ ಇಷ್ಟವಾದ ಕನ್ನಡ ಫಾಂಟ್, ಸೈಜ್ ಕೊಟ್ಟುಬಿಡಿ. ಒಂದು ಸಲ ಮಾಡಿದರೆ ಆಯಿತು, ಮುಂದೆ ತೆರೆಯುವ ಪ್ರತಿ ಹೊಸ ಫೈಲಿಗೂ ಅದೇ ಬರುತ್ತದೆ.

ಬೇರೆ ಆಯ್ಕೆಗಳೂ ಇವೆ. ಓನ್ಲಿ ಆಫೀಸ್ ನೋಡೋಕೆ ಎಂಎಸ್ ಆಫೀಸ್‌ಗೆ ಹತ್ತಿರ, ಡಾಕ್ಸ್ ಫೈಲೇ ಜಾಸ್ತಿ ಬರುವವರಿಗೆ ಚೆನ್ನಾಗಿ ಹೊಂದುತ್ತದೆ. ಬ್ರೌಸರ್‌ನಲ್ಲಿ ನಾಲ್ಕು ಜನ ಸೇರಿ ಒಂದೇ ಫೈಲ್ ಬರೆಯಬೇಕು ಅಂದರೆ ಕೊಲಾಬೊರಾ ಆನ್‌ಲೈನ್ ಇದೆ, ಅದರ ಒಳಗಿರುವುದೂ ಲಿಬ್ರೆ ಆಫೀಸೇ. ಬರೀ ಲೆಕ್ಕದ ಹಾಳೆ ಸಾಕು ಅನ್ನೋ ಲಿನಕ್ಸ್‌ನವರು ನ್ಯೂಮೆರಿಕ್ (Gnumeric) ನೋಡಬಹುದು, ತುಂಬಾ ಹಗುರ.

ನಿಮ್ಮ ಹತ್ತಿರ ‘ನುಡಿ’ ಕನ್ನಡ ತಂತ್ರಾಂಶದ ಹಳೇ ಫಾಂಟ್‌ಗಳಲ್ಲಿ ಬರೆದ ಫೈಲುಗಳಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಸುಮ್ನೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದು ಲಿಬ್ರೆ ಆಫೀಸ್ ತಪ್ಪಲ್ಲ, ಆ ಫೈಲುಗಳು ಯುನಿಕೋಡ್‌ನಲ್ಲಿಲ್ಲ (ಎಲ್ಲ ಭಾಷೆಯ ಅಕ್ಷರಗಳಿಗೂ ಎಲ್ಲೆಡೆ ಒಂದೇ ಆಗಿರುವ ಸಂಕೇತ ಪದ್ಧತಿ) ಅಷ್ಟೇ. ಮೂಲದ ಒಂದು ಪ್ರತಿ ಬೇರೆ ಇಟ್ಟುಕೊಂಡು ಮೊದಲು ಯುನಿಕೋಡ್‌ಗೆ ಬದಲಾಯಿಸಿಕೊಳ್ಳಿ, ಆಮೇಲೆ ಇದರಲ್ಲಿ ತೆರೆಯಿರಿ.