ಅಮೆರಿಕ ಬಾರದ ವಿಶ್ವಕಪ್

ಪ್ರಶ್ನೆ: ಮಾಸ್ತರ್ರೇ, ನಮ್ಮ ಚಹಾದಂಗಡಿಯಲ್ಲಿ ನೂರು ರೂಪಾಯಿ ಪಂಥ ಬಿದ್ದಿದೆ. ಅಮೆರಿಕನ್ ಫುಟ್‌ಬಾಲ್‌ಗೂ ವಿಶ್ವಕಪ್ ಇದೆಯಂತೆ, ಮೊದಲೆರಡು ಸಲ ಜಪಾನ್ ಗೆದ್ದಿತಂತೆ. ತಮ್ಮದೇ ಆಟದಲ್ಲಿ ಅಮೆರಿಕದವರು ಸೋತರೇ?
— ಓದುಗರೊಬ್ಬರು, ಜಮಖಂಡಿ

ಉತ್ತರ: ಜಪಾನ್ ಗೆದ್ದದ್ದು ನಿಜ, ಅಮೆರಿಕ ಸೋತದ್ದು ಸುಳ್ಳು. ಪಂಥದ ದುಡ್ಡಿಗೆ ಇಬ್ಬರೂ ಕೂತು ಮಿರ್ಚಿ ಭಜಿ ತಿನ್ನಿ.

1999ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಫೈನಲ್‌ನಲ್ಲಿ ಜಪಾನ್ ಮೆಕ್ಸಿಕೊವನ್ನು 6–0ಯಿಂದ ಸೋಲಿಸಿತು. 2003ರಲ್ಲಿ ಜರ್ಮನಿಯಲ್ಲೂ ಜಪಾನೇ. ಎರಡಕ್ಕೂ ಅಮೆರಿಕ ಬಂದೇ ಇರಲಿಲ್ಲ.

ಬಂದದ್ದು 2007ರಲ್ಲಿ, ಜಪಾನಿನ ಕಾವಾಸಾಕಿಗೆ. ಆಗಲೂ ಟಿವಿಯಲ್ಲಿ ಕಾಣುವ, ದುಡ್ಡಿಗೆ ಆಡುವ ಅಮೆರಿಕದ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್ ಹುಲಿಗಳು ಬರಲಿಲ್ಲ. ಕಾಲೇಜು ಆಟ ಮುಗಿಸಿದ ಹುಡುಗರನ್ನು ಕಟ್ಟಿಕೊಂಡು ಬಂದರು. ಫೈನಲ್‌ನಲ್ಲಿ ಜಪಾನ್ ಬೆವರಿಳಿಸಿತು. ಎರಡು ಸಲ ಹೆಚ್ಚುವರಿ ಆಟ ಆಡಿ 23–20ಕ್ಕೆ ಅಮೆರಿಕ ಗೆದ್ದಿತು. ಮುಂದೆ ಈ ಬಿಗಿ ಉಳಿಯಲಿಲ್ಲ. 2011ರಲ್ಲಿ ಆಸ್ಟ್ರಿಯಾದಲ್ಲಿ ಕೆನಡಾ ಮೇಲೆ 50–7, 2015ರಲ್ಲಿ ಒಹಾಯೊದ ಕ್ಯಾಂಟನ್‌ನಲ್ಲಿ ಜಪಾನ್ ಮೇಲೆ 59–12.

ಜಾತ್ರೆ ಕಬಡ್ಡಿಯಲ್ಲಿ ನೀವೂ ನೋಡಿರ್ತೀರಿ, ಅಲ್ವಾ? ಬನಿಯನ್ ಮೇಲೆ ಊರ ಹೆಸರು ಇರುತ್ತದೆ. ಊರಿನ ಒಳ್ಳೆಯ ರೈಡರ್ ಮಾತ್ರ ಅವತ್ತು ಬೇರೆ ಕಡೆ ದುಡ್ಡಿಗೆ ಆಡ್ತಿರ್ತಾನೆ. ಅಲ್ಲಿಯದೂ ಅದೇ ಕಥೆ. ಮೊಣಕಾಲು ಮುರಿದರೆ ಕೋಟಿಗಟ್ಟಲೆ ಸಂಬಳದ ಗತಿ ಏನು?

ನಿಜವಾದ ಸೋಲು ಹೇಗಿರುತ್ತದೆ ಅಂತ ನಮಗೆ ಗೊತ್ತು. 2018ರ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ನಮ್ಮ ಗಂಡಸರ ಕಬಡ್ಡಿ ತಂಡ ಇರಾನ್‌ಗೆ ಸೋತಿತು. ಅಲ್ಲಿ ನಮ್ಮ ದೊಡ್ಡ ಆಟಗಾರರೇ ಇದ್ದರು. ನಾನು ಟಿವಿ ಬಂದ್ ಮಾಡಿ, ಊಟ ಬಿಟ್ಟು ಹಿತ್ತಲಲ್ಲಿ ಕೂತಿದ್ದೆ.

ಪ್ರಶ್ನೆ: ಎಂಟನೇ ತರಗತಿಯ ಮಗಳು ಫ್ಲ್ಯಾಗ್ ಫುಟ್‌ಬಾಲ್ ಆಡ್ತೀನಿ ಅಂತಿದ್ದಾಳೆ. ಅವರಪ್ಪನಿಗೆ ಕೈಕಾಲು ಮುರಿದೀತು ಅಂತ ಭಯ.
— ತಾಯಿಯೊಬ್ಬರು, ವಿಜಯಪುರ

ಉತ್ತರ: ತಾಯಿ, ಇದು ಅಮೆರಿಕನ್ ಫುಟ್‌ಬಾಲ್‌ನದೇ ಒಂದು ಬಗೆ, ಆದರೆ ಇದರಲ್ಲಿ ಡಿಕ್ಕಿ ಹೊಡೆದು ಕೆಡಹುವಂತಿಲ್ಲ. ಸೊಂಟದ ಎರಡೂ ಬದಿ ಪಟ್ಟಿ ಜೋತುಬಿದ್ದಿರುತ್ತವೆ. ಚೆಂಡು ಹಿಡಿದು ಓಡುವವಳ ಪಟ್ಟಿ ಕಿತ್ತರೆ ಅವಳ ಓಟ ಅಲ್ಲಿಗೆ ನಿಂತಿತು. ಬಿದ್ದರೆ ಮೊಣಕೈ ತರಚೀತು. ಒಂದೊಂದು ಕಡೆ ಐದು ಜನ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಇದೇ ಆಟ ಬರುತ್ತಿದೆ. 2023ರ ಅಕ್ಟೋಬರ್‌ನಲ್ಲಿ, ಕ್ರಿಕೆಟ್ ಜೊತೆಗೇ, ನಮ್ಮ ಮುಂಬೈನಲ್ಲೇ ತೀರ್ಮಾನವಾಯಿತು. ಮೇಲಿನ ಜಮಖಂಡಿಯವರಿಗೂ ಒಂದು ಸುದ್ದಿ: ಈ ಸಲ ಆಡೋಕೆ ತಮ್ಮ ಆಟಗಾರರನ್ನು ಬಿಡಲು ಎನ್‌ಎಫ್‌ಎಲ್ ಮಾಲೀಕರು 2025ರಲ್ಲಿ ಒಪ್ಪಿದ್ದಾರೆ.

ಎರಡೂ ತುದಿ ಚೂಪಾದ ಆ ಚೆಂಡು ಮಾತ್ರ ಬಲು ತುಂಟ. ಅಕ್ಕನ ಮಗ ಅಮೆರಿಕದಿಂದ ಒಂದು ತಂದಿದ್ದ. ಬೆಳಗಾವಿಯಲ್ಲಿ ಮನೆ ಮುಂದಿನ ಬಯಲಲ್ಲಿ ನಾನು ಕ್ರಿಕೆಟ್ ಚೆಂಡಿನಂತೆ ಬೀಸಿ ಒಗೆದೆ. ರೆಕ್ಕೆ ಮುರಿದ ಕೋಳಿಯ ಹಾಗೆ ತಡವರಿಸುತ್ತಾ ಹೋಗಿ, ನೆಲಕ್ಕೆ ಬಡಿದು, ಅಡ್ಡ ಪುಟಿದು ಪಕ್ಕದ ಮನೆಯ ಹಪ್ಪಳದ ಮೇಲೆ ಬಿತ್ತು. ಬೈಗುಳದ ಲೆಕ್ಕ ಬೇಡ. ಆಮೇಲೆ ಹುಡುಗ ಕಲಿಸಿದ. ಚೆಂಡಿನ ಮೇಲೆ ದಾರದ ಹೊಲಿಗೆ ಇರುತ್ತದೆ, ಉಂಗುರದ ಬೆರಳು, ಕಿರುಬೆರಳು ಅದರ ಮೇಲೆ. ಬಿಡುವಾಗ ಕೊನೆಗೆ ಜಾರಬೇಕಾದ್ದು ತೋರುಬೆರಳು. ಆಗ ಬುಗುರಿಯಂತೆ ತಿರುಗುತ್ತಾ ನೇರ ಹೋಗುತ್ತದೆ.

ಮಗಳಿಗೆ ಸುಮ್ನೆ ದುಬಾರಿ ಬೆಲ್ಟ್ ತರಿಸಬೇಡಿ. ಹಳೆ ಸೀರೆಯ ಅಂಚನ್ನು ಮೊಳದುದ್ದ ಹರಿದು ಸೊಂಟಕ್ಕೆ ಸಿಕ್ಕಿಸಿ. ಗಂಟು ಮಾತ್ರ ಹಾಕಬೇಡಿ, ಎಳೆದ ಕೂಡಲೇ ಕಿತ್ತು ಬರಬೇಕು.